ನಾಲ್ಕನೆಯ ಗೆರೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಚಿಕ್ಕಿ ಎಂದೇ ಕರೆಯುತ್ತಿದ್ದರು. ಅಕ್ಕನ ಮಗಳು ಒಮ್ಮೆ ಅಲ್ಲಿಗೆ ಬಂದು "ಚಿಕ್ಕೀ" ಎಂದು ಕೂಗಿದ್ದೇ ನೆಪ, ಹೆಸರು ಅಂಟಿಕೊಂಡಿತು. ಪ್ರಯೋಗಾಲಯದ ಮುಖ್ಯಸ್ಥ ಅವಳ ಭಾವ. ಓದು ಮುಗಿಸಿ ದಿಕ್ಕು ತೋಚದೆ ಕೂತಿದ್ದವಳನ್ನು ಕರೆತಂದು, ಕೊಳವೆ ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವನು. ಅವನು ಹಾಕಿದ ಗೆರೆಯನ್ನು ಅವಳು ದಾಟಿದವಳಲ್ಲ.

ಉದ್ದನೆಯ ಗಾಜಿನ ಕೊಳವೆಯೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಚೂರೇ ಚೂರು ಅನಿಲ ಬಿಟ್ಟು, ವಿದ್ಯುತ್ ಹಾಯಿಸುವುದು ಅವರ ಕೆಲಸ. ಗಾಳಿ ಹೀರುವ ಪಂಪಿಗೆ ಅವರಿಟ್ಟ ಹೆಸರು 'ಗೊರಕೆ ಮಾವ'. ವಿದ್ಯುತ್ತಿನ ನೇರಳೆ ಬೆಳಕಿನಲ್ಲಿ ಅನಿಲ ಒಡೆದು, ಹೊರಗೆ ಕ್ಷಣವೂ ಬಾಳದ ಪುಟ್ಟ ಅಣುಗಳು ಹುಟ್ಟುತ್ತಿದ್ದವು. ಒಂದೊಂದು ಅಣುವೂ ತನಗೊಗ್ಗುವ ಕೆಲವೇ ರೇಡಿಯೊ ಕಂಪನಗಳನ್ನು ಹೀರುತ್ತದೆ. ಪರದೆಯಲ್ಲಿ ಆ ಜಾಗಗಳಲ್ಲಿ ಗೆರೆ ಬೀಳುತ್ತದೆ. ಅವುಗಳ ಜಾಗ ನಿಖರವಾಗಿ ಗೊತ್ತಿದ್ದರೆ ನಕ್ಷತ್ರಗಳ ನಡುವಿನ ಮೋಡದಲ್ಲೂ ಆ ಅಣುವಿನ ಗುರುತು ಹಿಡಿಯಬಹುದು.

ಆ ಸಲ ಒಂದು ಅಣುವಿನ ಮೂರು ಗೆರೆಗಳು ಚೆನ್ನಾಗಿ ಸಿಕ್ಕವು. ಆದರೆ ಇವರ ಅಳತೆ ಹಿಡಿದು ಆಕಾಶದಲ್ಲಿ ಅಣು ಹುಡುಕುತ್ತಿದ್ದ ಖಗೋಳ ವಿಭಾಗದ ಮೇಡಂಗೆ ಬೇಕಾಗಿದ್ದದ್ದು ನಾಲ್ಕನೆಯದು. ಅವರ ದೂರದರ್ಶಕಕ್ಕೆ ನಿಲುಕುವ ಕಂಪನ ಅದೊಂದೇ. ಮೋಡವೊಂದರಿಂದ ಬಂದ, ಯಾವ ಅಣುವಿನದೆಂದು ತಿಳಿಯದ ಗೆರೆಯೊಂದನ್ನು ಅವರು ಮೊದಲೇ ಹಿಡಿದಿಟ್ಟಿದ್ದರು. ಅಷ್ಟರಲ್ಲಿ ಚಿಕ್ಕಿ ಜ್ವರ ಬಂದು ಮಲಗಿದಳು. ಎದ್ದು ಬರುವಷ್ಟರಲ್ಲಿ ಭಾವ ಒಬ್ಬನೇ ನಾಲ್ಕನೆಯ ಗೆರೆ ಅಳೆದು ಮುಗಿಸಿದ್ದ. ಮೇಡಂ ಹಿಡಿದ ಗೆರೆಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಬಾಹ್ಯಾಕಾಶದಲ್ಲಿ ಹೊಸ ಅಣು ಎಂದು ಸುದ್ದಿಯಾಯಿತು. ಭಾವನ ಹೆಸರಿನ ಪಕ್ಕದಲ್ಲಿ ಚಿಕ್ಕಿಯ ಹೆಸರೂ ಅಚ್ಚಾಯಿತು. ಅಕ್ಕ ಹಿಗ್ಗಿ ಹೀರೇಕಾಯಿಯಾದಳು.

ಕೆಲವು ತಿಂಗಳ ಮೇಲೆ ಹೊಸ ಕೊಳವೆ ಬಂತು. ಅದು ಸರಿಯಿದೆಯೇ ಎಂದು ನೋಡಲು ಚಿಕ್ಕಿ ಅದೇ ಅಣುವನ್ನು ಮತ್ತೆ ಹುಟ್ಟಿಸಿದಳು. ಮೂರು ಗೆರೆಗಳು ತಮ್ಮ ತಮ್ಮ ಜಾಗದಲ್ಲೇ ಬಿದ್ದವು. ನಾಲ್ಕನೆಯದು ಪಕ್ಕಕ್ಕೆ ಬಿತ್ತು. ತಪ್ಪು ತನ್ನದೇ ಎಂದುಕೊಂಡು ಕೊಳವೆ ತೊಳೆದಳು, ಒತ್ತಡ ಇಳಿಸಿದಳು, ಹಳೆಯ ಕೊಳವೆಯನ್ನೇ ಮತ್ತೆ ಜೋಡಿಸಿ ನೋಡಿದಳು. ಗೆರೆ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಭಾವ ಪರದೆ ನೋಡಿದ. ಅಚ್ಚರಿಪಡಲಿಲ್ಲ. ಅವಳು ಪರದೆ ಬಿಟ್ಟು ಅವನತ್ತ ತಿರುಗಿದಳು.

"ಅವತ್ತು ಅಳೆದೇ ಇರ್ಲಿಲ್ವಾ ಭಾವ?"

"ಅಳೆದೆ. ಗೆರೆ ಮಸುಕಾಗಿತ್ತು. ಉಳಿದ ಮೂರರಿಂದ ಲೆಕ್ಕ ಹಾಕಿದ್ರೆ ಹತ್ತಿರ ಹತ್ತಿರ ಮೇಡಂ ಗೆರೆ ಇದ್ದಲ್ಲೇ ಬರ್ತಿತ್ತು. ಅವರು ಬೇರೆ ಕಾಯ್ತಿದ್ರು."

"ಅದಕ್ಕೆ ಅವರು ಹೇಳಿದ ಜಾಗವನ್ನೇ ನಮ್ಮ ಅಳತೆ ಅಂತ ಕೊಟ್ಬಿಟ್ರಾ?"

"ದನಿ ತಗ್ಗಿಸು. ಮುಂದೆ ಯಾವಾಗಲಾದ್ರೂ ಸಣ್ಣದೊಂದು ತಿದ್ದುಪಡಿ ಹಾಕೋಣ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ನಿನಗೂ ಹೆಸರು ಬಂತಲ್ಲ!"

ಅವಳು ನೇರ ಅಕ್ಕನ ಮನೆಗೆ ಹೋದಳು. ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು, ತಲೆ ಎತ್ತದೆ ಹೇಳಿದಳು:

"ನಂಗೆ ಗೊತ್ತಿತ್ತು ಕಣೆ."

"ಯಾವಾಗಿಂದ?"

"ನೀನು ಜ್ವರದಲ್ಲಿ ಮಲಗಿದ್ದಾಗಿಂದ. ನೀನಿದ್ರೆ ಒಪ್ಪಲ್ಲ ಅಂತ ಅವರೇ ಹೇಳಿದ್ರು."

ಆಗ ಗಂಜಿ ಹಿಡಿದು ಹಾಸಿಗೆಯ ಪಕ್ಕ ಕೂತಿದ್ದವಳು ಇದೇ ಅಕ್ಕ. "ಕೆಲಸದ ಯೋಚನೆ ಬಿಡು, ಇನ್ನೆರಡು ದಿನ ಮಲಗು" ಎಂದು ತಡೆದವಳೂ ಇವಳೇ. ಭಾವ ಮಾಡಿದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಇದನ್ನು ನುಂಗಲಾಗಲಿಲ್ಲ.

"ಮನೆ ಮಾನ ನಿನ್ನ ಕೈಯಲ್ಲಿದೆ," ಎಂದಳು ಅಕ್ಕ.

"ನನ್ನ ಮಾನ ಯಾರ ಕೈಲಿತ್ತಕ್ಕ?" ಎಂದು ಚಿಕ್ಕಿ ಚಪ್ಪಲಿ ಮೆಟ್ಟಿದಳು.

ಮರುದಿನ ಅವಳೇ ಮೇಡಂಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಮೇಡಂ ಸುಸ್ತಾದ ದನಿಯಲ್ಲಿ, "ನಿಜವಾದ ಜಾಗ ಹೇಳಮ್ಮ," ಎಂದರು. ಅವರು ಆ ಜಾಗದಲ್ಲಿ ಹುಡುಕಿದರು. ಅಲ್ಲೇನೂ ಇರಲಿಲ್ಲ. ಹೊಸ ಅಣುವಿನ ಸುದ್ದಿಯನ್ನು ಹಿಂದಕ್ಕೆ ಪಡೆದರು. ಭಾವ ಮುಖ್ಯಸ್ಥನ ಕುರ್ಚಿ ಬಿಡಬೇಕಾಯಿತು. ಚಿಕ್ಕಿಯನ್ನು ಯಾರೂ ಹೊಗಳಲಿಲ್ಲ. ಇವಳಿಗೂ ಮೊದಲೇ ಗೊತ್ತಿದ್ದಿರಬೇಕು ಎಂದು ಕೆಲವರು ಆಡಿಕೊಂಡರು. ಮೇಡಂ ಮಾತ್ರ ಮುಂದಿನ ಅಣುವಿನ ಅಳತೆಯನ್ನು ಅವಳಿಗೇ ವಹಿಸಿದರು.

ಒಂದು ಭಾನುವಾರ ಅಕ್ಕನ ಫೋನ್ ಬಂತು.

"ಊಟಕ್ಕೆ ಬಾರೆ. ಮಗಳು ನಿನ್ನೇ ಕೇಳ್ತಿದಾಳೆ."

"ಅವಳನ್ನ ಇಲ್ಲಿಗೆ ಕಳಿಸಕ್ಕ."

"ಮತ್ತೆ ನಾನು?"

ಚಿಕ್ಕಿಗೆ ಬಾ ಅನ್ನಬೇಕೆನಿಸಿತು. "ಅವಳನ್ನ ಕಳಿಸು," ಎಂದಷ್ಟೇ ಹೇಳಿ ಫೋನ್ ಇಟ್ಟಳು.