ಸಿಪ್ಪೆಯ ಪಾಲು

"ಹಾಗಾದ್ರೆ ಇಷ್ಟು ವರ್ಷ ನಾನು ತಿಂದಿದ್ದು ಇವರ ಆರೋಗ್ಯಾನಾ?"

ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಹೊಲಿಗೆಯಮ್ಮ ತನ್ನನ್ನೇ ಕೇಳಿಕೊಂಡಳು. ಆಕೆಯ ಒಂದು ಕೈಯಲ್ಲಿ ಕಪ್ಪು ದ್ರಾಕ್ಷಿಯ ಗೊಂಚಲು, ಇನ್ನೊಂದರಲ್ಲಿ ಹಣ್ಣಿನಂಗಡಿಯವನು ಪೊಟ್ಟಣದೊಳಗೆ ಹಾಕಿಕೊಟ್ಟ ಚೀಟಿ. ದ್ರಾಕ್ಷಿ ಹೃದಯಕ್ಕೆ ಒಳ್ಳೆಯದು, ರಕ್ತನಾಳಕ್ಕೆ ಒಳ್ಳೆಯದು ಎಂದೆಲ್ಲ ಹೇಳಿ, ಕೊನೆಗೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಸತ್ವವೆಲ್ಲ ಸಿಪ್ಪೆಯಲ್ಲಿದೆ.

ಮದುವೆಯಾದ ಹೊಸತರಲ್ಲಿ ಗಂಡನ ಗಂಟಲಿಗೆ ದ್ರಾಕ್ಷಿಸಿಪ್ಪೆ ಅಂಟಿ, ಅವರು ಮೂರು ದಿನ ಕೆಮ್ಮಿದ್ದರು. ಶಾಲೆಯಲ್ಲಿ ಹಾಡು ಕಲಿಸುವ ಮೇಷ್ಟ್ರು; ಮನೆ ನಡೆಯುತ್ತಿದ್ದದ್ದೇ ಆ ಗಂಟಲಿನಿಂದ. ಅಂದಿನಿಂದ ಆಕೆ ಒಂದೊಂದು ಹಣ್ಣನ್ನೂ ಸುಲಿದೇ ಕೊಟ್ಟಳು. ತೊಟ್ಟು ಕಿತ್ತ ಜಾಗದಲ್ಲಿ ಉಗುರು ತೂರಿಸಿ, ಹೊಲಿಗೆ ಬಿಚ್ಚುವಂತೆ ಸಣ್ಣಗೆ ಸೀಳಿದರೆ ಸಾಕು, ಮಗುವಿನ ಟೋಪಿಯ ಹಾಗೆ ಸಿಪ್ಪೆ ಇಡಿಯಾಗಿ ಕಳಚಿ ಬರುತ್ತಿತ್ತು. ತಿರುಳು ಅವರಿಗೆ. ಎಸೆಯಲು ಮನಸ್ಸು ಬಾರದೆ ಸಿಪ್ಪೆ ತನ್ನ ಬಾಯಿಗೆ. ಈಗ ನೋಡಿದರೆ, ಹೋದ ತಿಂಗಳು ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದ್ದು ಅವರು. ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿರುವುದು ತಾನು!

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಊಟಕ್ಕೆ ಬಂದವಳು ಚೀಟಿ ನೋಡಿ ನಕ್ಕಳು.

"ಸಿಪ್ಪೇಲಿ ಒಳ್ಳೇ ಅಂಶ ಇರೋದು ನಿಜ ಕಣಮ್ಮ. ಅಷ್ಟಕ್ಕೇ ಅಪ್ಪನ ಎದೆನೋವನ್ನ ನಿನ್ನ ತಲೆಗೆ ಕಟ್ಕೋಬೇಡ. ಅದು ಹಣ್ಣು, ಸಂಜೀವಿನಿ ಅಲ್ಲ. ಅವರು ಮಾತ್ರೆ ಮರೀದಿದ್ರೆ ಸಾಕು."

ಆದರೂ ಆಕೆಯ ಮನಸ್ಸು ತಣ್ಣಗಾಗಲಿಲ್ಲ. ಮಧ್ಯಾಹ್ನ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು ಎದ್ದು ಕೂತಾಗ, ತೊಳೆದ ಹಣ್ಣನ್ನು ಇಡಿಯಾಗಿಯೇ ಬಟ್ಟಲಲ್ಲಿ ತಂದಿಟ್ಟಳು.

ಅವರು ಬಟ್ಟಲನ್ನು ನೋಡಿದರು, ಆಕೆಯನ್ನು ನೋಡಿದರು. "ಏನೇ ಇದು, ಮುನಿಸಾ?"

"ಸತ್ವ ಎಲ್ಲ ಸಿಪ್ಪೇಲಿದೆಯಂತೆ. ನಿಮ್ಮ ಪಾಲನ್ನ ನಾನೇ ಮುಕ್ಕಿಬಿಟ್ಟೆ." ಹೇಳುತ್ತ ಆಕೆ ಚೀಟಿಯನ್ನು ಅವರ ಮುಂದೆ ಹಿಡಿದಳು.

ಮೇಷ್ಟ್ರು ಚೀಟಿ ಓದಿ, ಕನ್ನಡಕವನ್ನು ಹಣೆಗೇರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದಕ್ಕೇ ಅನ್ನು! ಈ ವಯಸ್ಸಲ್ಲೂ ಆ ಹೊಲಿಗೆ ಮೆಷಿನ್ನು ನಿನ್ನ ಕಾಲಿಗೆ ಹೆದರೋದು. ಕಳ್ಳಿ!"

"ನಗೋದು ಸಾಕು, ತಿನ್ನಿ."

ಅವರು ಬಟ್ಟಲನ್ನು ಆಕೆಯ ಕಡೆಗೇ ತಳ್ಳಿದರು. "ಸುಲಿ."

"ಮತ್ತೆ ಸಿಪ್ಪೆ?"

"ಅದನ್ನೂ ಕೊಡು. ಬೇರೆ ತಟ್ಟೇಲಿ."

ಆಕೆ ಒಂದು ಸುಲಿದಳು. ಅವರು ಕಣ್ಣು ಮುಚ್ಚಿ ತಿರುಳು ತಿಂದರು; ಆಮೇಲೆ ತಟ್ಟೆಯಿಂದ ಸಿಪ್ಪೆ ತೆಗೆದು ಬಾಯಿಗಿಟ್ಟು, ನುಣ್ಣಗೆ ಅಗಿದು ನುಂಗಿದರು. ಆಕೆ ಅವರ ಗಂಟಲನ್ನೇ ನೋಡಿದಳು. ಕೆಮ್ಮು ಬರಲಿಲ್ಲ. ಎರಡನೆಯದೂ ಹಾಗೆಯೇ ಹೋಯಿತು. ಮೂರನೆಯದರ ಸಿಪ್ಪೆಯನ್ನು ಆಕೆಯ ಬಾಯಿಗೇ ಇಟ್ಟರು. ನಾಲ್ಕನೆಯದಕ್ಕೆ ಆಕೆಗೇ ನಗು ತಡೆಯಲಾಗಲಿಲ್ಲ.

"ಅಲ್ರೀ, ಎರಡೂ ಹೋಗೋದು ಅದೇ ಹೊಟ್ಟೆಗೆ. ನಾಳೆಯಿಂದ ಇಡೀ ಹಣ್ಣೇ ತಿನ್ನಿ ಅಂದ್ರೆ."

ಮೇಷ್ಟ್ರು ಆಕೆಯ ನೇರಳೆಗಟ್ಟಿದ ಉಗುರುಗಳನ್ನೇ ನೋಡುತ್ತ ಮುಂದಿನ ಹಣ್ಣಿಗೆ ಅಂಗೈ ಚಾಚಿದರು.

"ಆಗಲ್ಲ," ಎಂದರು.