ಗಾಲಿಗೆ ಅಡ್ಡವಿಟ್ಟ ಜಾಲಿ ತುಂಡು

ನಾನು ಒಂದು ಜಾಲಿ ಮರದ ತುಂಡು. ಒಂದು ಮೊಳ ಉದ್ದ, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರದಂತೆ ಗಾಲಿಯ ಬುಡಕ್ಕೆ ಇಡುತ್ತಾರಲ್ಲ, ಅದೇ ನಾನು. ಗದಗದ ಕಡೆ ನನ್ನನ್ನು ಕಟಗಿ ಎಂದಷ್ಟೇ ಕರೆಯುತ್ತಾರೆ. ಜನಕ್ಕೆ ಬ್ರೇಕಿನ ಮೇಲೆ ಪೂರ್ತಿ ನಂಬಿಕೆ ಇದ್ದಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಸಂಶಯವೇ ನನ್ನ ಕಸುಬು.

ಡಂಬಳದ ಮಾನಪ್ಪ ಬಡಿಗೇರ ಚಕ್ಕಡಿಯ ಅಚ್ಚಿಗೆಂದು ತಂದ ಮರದಲ್ಲಿ ಉಳಿದದ್ದನ್ನು ಕೆತ್ತಿ ನನ್ನನ್ನು ಮಾಡಿದ. ಒಂದು ತೂತು ಕೊರೆದು, ಎತ್ತಲು ಅನುಕೂಲವಾಗಲೆಂದು ಹಗ್ಗ ಪೋಣಿಸಿ, ಕಲ್ಲು ಸಾಗಿಸುವ ಲಾರಿಯೊಂದಕ್ಕೆ ಕೊಟ್ಟ. ಆ ಲಾರಿಯ ಡ್ರೈವರ್ ಒಮ್ಮೆ ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ‘ಇಷ್ಟಕ್ಕ ಕಟಗಿ ಯಾಕ’ ಎಂದು ಚಹಾ ಕುಡಿಯಲು ಹೋದ. ಬಸಿಯಲ್ಲಿ ಸುರುವಿಕೊಂಡ ಚಹಾ ಆರುವುದರೊಳಗೆ ಲಾರಿ ತಾನಾಗಿಯೇ ಹಿಂದಕ್ಕೆ ಉರುಳಿ ಯಾರದೋ ಉಳ್ಳಾಗಡ್ಡಿ ರಾಶಿಯಲ್ಲಿ ಹೊಕ್ಕು ಕೂತಿತ್ತು. ಆವತ್ತಿನಿಂದ ನಾನು ಹ್ಯಾಂಡ್ ಬ್ರೇಕಿನ ಮಾತು ಕೇಳುವುದನ್ನು ಬಿಟ್ಟೆ. ಅದರ ಕಟಕಟ ಸದ್ದು ಕೇಳಿದರೆ ಸಾಕು, ಇದು ಸುಳ್ಳು ಹೇಳುತ್ತಿದೆ ಅನಿಸುತ್ತದೆ.

ಅದೇ ಡ್ರೈವರ್ ಇನ್ನೊಂದು ದಿನ ಅವಸರದಲ್ಲಿ ನನ್ನನ್ನು ರಸ್ತೆಯಲ್ಲೇ ಬಿಟ್ಟು ಹೋದ. ಬಿಸಿಲಲ್ಲಿ ಬಿರಿದು, ಕುರಿಗಳಿಂದ ತುಳಿಸಿಕೊಂಡು ಎಷ್ಟು ದಿನ ಬಿದ್ದಿದ್ದೆನೋ! ಕೊನೆಗೆ ಜೀಪೊಂದು ನಿಂತಿತು. ಒಬ್ಬ ಮನುಷ್ಯ ಇಳಿದು, ನನ್ನನ್ನು ಎತ್ತಿ, ಟವೆಲ್ಲಿನಿಂದ ಮಣ್ಣು ಝಾಡಿಸಿ, “ಏ, ಜಾಲಿ ಕಟಗಿ ಐತಿ ಇದು. ಹಿಂಗ್ಯಾಕ ಒಗದಾರ?” ಎಂದ. ಅವನೇ ದ್ಯಾಮಣ್ಣ. ನನ್ನನ್ನು ತನ್ನ ಸೀಟಿನ ಕೆಳಗೆ, ಎಣ್ಣೆ ಡಬ್ಬದ ಪಕ್ಕದಲ್ಲಿ ಇಟ್ಟುಕೊಂಡ.

ಕಪ್ಪತಗುಡ್ಡದ ಮೇಲೆ ಕರೆಂಟು ತೆಗೆಯುವ ದೊಡ್ಡ ಗಾಳಿಯಂತ್ರಗಳಿವೆ. ಊರವರು ಅವನ್ನು ಫ್ಯಾನು ಎನ್ನುತ್ತಾರೆ. ಅವನ್ನು ಕಾಯುವ ಎಂಟು ಜನ ವಾಚಮನ್‌ಗಳನ್ನು ದಿನಾ ಬೆಳಿಗ್ಗೆ ಗುಡ್ಡ ಹತ್ತಿಸಿ, ಹಿಂದಿನ ದಿನದವರನ್ನು ಇಳಿಸಿ ತರುವುದು ದ್ಯಾಮಣ್ಣನ ಕೆಲಸ. ಗುಡ್ಡದ ರಸ್ತೆ ಅಂದರೆ ಬರೀ ತಿರುವು, ಬರೀ ಜಲ್ಲಿ. ಆದರೂ ಜೀಪನ್ನು ಅವನು ಹಾಲು ಕೊಡುವ ಎಮ್ಮೆಯ ಹಾಗೆ ಸಾಕಿದ್ದ. ಸೋಮವಾರಕ್ಕೊಮ್ಮೆ ತೊಳೆಯುವುದು, ಬಾನೆಟ್ ಎತ್ತಿ ನೀರು ನೋಡುವುದು, ಎಣ್ಣೆ ನೋಡುವುದು, ಕಡಿಮೆ ಇದ್ದಲ್ಲೆಲ್ಲ ತುಂಬಿಸುವುದು. ಅಷ್ಟು ಆಸ್ಥೆಯ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬ್ರೇಕಿನ ಕೆಲಸ ಮಾತ್ರ ಮುಂಡರಗಿಯಲ್ಲಿ ಗ್ಯಾರೇಜು ಇಟ್ಟ ಅಳಿಯ ಕುಬೇರಪ್ಪನದು. ಮಗಳು ಗಂಗವ್ವನನ್ನು ಕೊಟ್ಟ ಮನೆ. ದ್ಯಾಮಣ್ಣ ಅಳಿಯನನ್ನು ‘ನೀವು’, ‘ಬರ್ರಿ’ ಎಂದೇ ಮಾತಾಡಿಸುತ್ತಿದ್ದ. ನನಗೋ ಕುಬೇರಪ್ಪನನ್ನು ಮೊದಲ ದಿನ ಕಂಡಾಗಲೇ ಸಂಶಯ. ಮಾತು ಕಡಿಮೆ. ಗಾಲಿ ಬಿಚ್ಚಿ, ಒಳಗಿನ ಹಳೆಯ ರಬ್ಬರ್ ವಾಷರುಗಳನ್ನು ತೆಗೆದು ಬೆರಳಲ್ಲಿ ಹಿಚುಕಿ ನೋಡುತ್ತಾನೆ, ಮಾವನ ಮುಖ ನೋಡುತ್ತಾನೆ, ಏನೋ ಹೇಳಲು ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ. ಕೆಟ್ಟ ವಾಷರುಗಳನ್ನು ಎಸೆಯದೆ ಕಿಸೆಗೆ ಹಾಕಿಕೊಳ್ಳುತ್ತಾನೆ. ಸಾಚಾ ಮನುಷ್ಯನಿಗೆ ಕೆಟ್ಟ ರಬ್ಬರು ಯಾಕೆ ಬೇಕು, ನೀವೇ ಹೇಳಿ?

ಹೊಸ ರಬ್ಬರು ಹಾಕಿದ ತಿಂಗಳೊಪ್ಪತ್ತಿನಲ್ಲಿ ಬ್ರೇಕು ಮತ್ತೆ ಮೆತ್ತಗಾಗುತ್ತಿತ್ತು. ಮೊದಲು ಒಂದು ಒದೆತಕ್ಕೆ ನಿಲ್ಲುತ್ತಿದ್ದ ಜೀಪು ಎರಡು ಒದೆತ ಕೇಳುತ್ತಿತ್ತು, ಆಮೇಲೆ ಮೂರು. ಹೀಗೆ ನಾಲ್ಕು ಸಲ ಆಯಿತು. ಐದನೆಯ ಸಲ ಗುಡ್ಡ ಇಳಿಯುವಾಗ ಪೆಡಲು ಸೀದಾ ತಳಕ್ಕೆ ಹೋಯಿತು. ಹಿಂದೆ ಎಂಟು ಜನ! ದ್ಯಾಮಣ್ಣ ಗೇರು ಇಳಿಸಿ, ರಸ್ತೆ ಬದಿಯ ದರೆಗೆ ಉಜ್ಜಿಕೊಂಡು ಜೀಪಿನ ಓಟ ಮುರಿದ. ಯಾರೋ ನನ್ನನ್ನು ಎಳೆದು ಮುಂದಿನ ಗಾಲಿಗೆ ಒಗೆದರು. ನನ್ನ ಒಂದು ಮೂಲೆ ಸೀಳಿ ಹೋಯಿತು, ಆದರೆ ಜೀಪು ನಿಂತಿತು. ಕೆಳಗೆ ಕಮರಿ ಬಾಯಿ ತೆರೆದಿತ್ತು. ಹೆದರಿದ್ದೆ ನಾನು, ಸುಳ್ಳು ಯಾಕೆ ಹೇಳಲಿ.

ದ್ಯಾಮಣ್ಣ ಹೇಗೋ ಸಣ್ಣ ಗೇರಿನಲ್ಲೇ ತೆವಳಿಸಿಕೊಂಡು ಗ್ಯಾರೇಜಿಗೆ ಬಂದವನೇ, ಎದುರಿನ ಚಹಾದಂಗಡಿಯ ಜನರೆಲ್ಲ ಎದ್ದು ನಿಲ್ಲುವ ಹಾಗೆ ಕೂಗಿದ. “ಕಳ್ಳಾ, ಡೂಪ್ಲಿಕೇಟ್ ಸಾಮಾನು ಹಾಕಿ ನನ್ನ ಮಣ್ಣಾಗ ಇಡಾಂವ ಅದಿಯೇನ್ ನೀ? ಎಂಟು ಮಂದಿ ಹೆಂಡ್ರು ಮಕ್ಕಳಿಗೆ ಏನ್ ಹೇಳ್ಲಿ ನಾನು?”

ಅಳಿಯನಿಗೆ ಮೊದಲ ಸಲ ‘ನೀ’ ಎಂದಿದ್ದ. ಕುಬೇರಪ್ಪ ತಲೆ ತಗ್ಗಿಸಿ ನಿಂತ. ನೋಡಿ, ಸಿಕ್ಕಿಬಿದ್ದ ಕಳ್ಳ ಹೀಗೇ ನಿಲ್ಲುವುದು ಎಂದುಕೊಂಡೆ. ಮಾತು ಮುಂಡರಗಿಯ ತುಂಬ ಹಬ್ಬಿತು. ಸ್ವಂತ ಮಾವನಿಗೇ ಮೋಸ ಮಾಡಿದವನು ನಮ್ಮನ್ನು ಬಿಟ್ಟಾನೆಯೇ ಎಂದು ಎರಡು ಲಾರಿಯವರು ಬೇರೆ ಗ್ಯಾರೇಜು ಹಿಡಿದರು.

ಗಂಗವ್ವನಿಗೆ ಆಗ ಏಳು ತಿಂಗಳು. ಸೀಮಂತದ ಕುಬಸ ಮಾಡಿ ಹೆರಿಗೆಗೆ ತವರಿಗೆ ಕರೆದೊಯ್ಯಬೇಕು. ದ್ಯಾಮಣ್ಣ ಬೇರೆ ಕಡೆ ಬ್ರೇಕು ಮಾಡಿಸಿಕೊಂಡು, ಹಸಿರು ಸೀರೆ ಹಿಡಿದು, ಅಳಿಯನ ಮನೆಗೆ ಹೋದ. ಆ ಬ್ರೇಕೂ ಆಗಲೇ ಮೆತ್ತಗಾಗಿತ್ತು. ಗ್ಯಾರೇಜಿನ ಹಿಂದೆಯೇ ಮನೆ. ಅಂಗಳ ಇಳಿಜಾರು, ಹಾಗಾಗಿ ನನ್ನನ್ನು ಗಾಲಿಗೆ ಇಟ್ಟಿದ್ದ. ಎಲ್ಲ ನನ್ನ ಎದುರಿಗೇ ನಡೆಯಿತು.

ಗಂಗವ್ವ ಸೀರೆ ಮುಟ್ಟಲಿಲ್ಲ. “ಅಪ್ಪಾ, ನಾ ಬರೂದಿಲ್ಲ. ನನ್ನ ಗಂಡ ಕಳ್ಳ ಅಂತ ಊರಿಗೆಲ್ಲ ಡಂಗುರಾ ಹೊಡದೀ. ಕಳ್ಳನ ಹೆಂತಿ ನಿನ್ನ ಮನಿಗೆ ಯಾಕ ಬರಬೇಕು?”

“ಬ್ರೇಕ್ ಹೋಗಿದ್ದು ಖರೇ ಐತಿ ಗಂಗವ್ವಾ. ನನ್ನ ಕಾಲಾಗ ಪೆಡಲ್ ತಳಕ್ಕ ಹೋತು.”

“ಹಂಗಾರ ಇವರು ಈಗ ಬಿಚ್ಚಲಿ. ನನ್ನ ಮುಂದ ಬಿಚ್ಚಲಿ.” ಗಂಡನ ಕಡೆ ತಿರುಗಿದಳು. “ನೀವರ ಬಾಯಿ ಬಿಡ್ರಿ. ಎಷ್ಟು ದಿನ ನುಂಗತೀರಿ?”

ಕುಬೇರಪ್ಪ ಬಾನೆಟ್ ಎತ್ತಿದ. ಬ್ರೇಕ್ ಎಣ್ಣೆಯ ಸಣ್ಣ ಡಬ್ಬಿಯಿಂದ ಒಂದಿಷ್ಟು ತೆಗೆದ. ಹೆಂಡತಿಯಿಂದ ಒಂದು ತಂಬಿಗೆ ನೀರು ತರಿಸಿಕೊಂಡ. “ಮಾವಾರ, ಬ್ರೇಕ್ ಎಣ್ಣಿ ನೀರಾಗ ಕರಗತೈತಿ. ನೋಡ್ರಿ,” ಎಂದು ಗ್ಯಾರೇಜಿನ ಹೊಸ ಡಬ್ಬಿಯಿಂದ ಎರಡು ಹನಿ ಬಿಟ್ಟ. ಕರಗಿತು. ಆಮೇಲೆ ಜೀಪಿನಿಂದ ತೆಗೆದದ್ದನ್ನು ಬಿಟ್ಟ. ಅದು ಸಾರಿನ ಮೇಲಿನ ಒಗ್ಗರಣೆಯ ಹಾಗೆ ತೇಲಿತು.

“ಇದು ಇಂಜಿನ್ ಎಣ್ಣಿ ರಿ. ಬ್ರೇಕಿಗೆ ಇದನ್ನ ಹಾಕಿದ್ರ ಒಳಗಿನ ರಬ್ಬರ್ ಉಬ್ಬಿ ಹಾಳಾಗತಾವ.” ಕಿಸೆಯಿಂದ ಹಳೆಯ ವಾಷರುಗಳನ್ನು ತೆಗೆದು ಅಂಗೈಯಲ್ಲಿ ಹಿಡಿದ. ಎಲ್ಲವೂ ನೆನೆದ ಕಡಲೆಯಂತೆ ಊದಿದ್ದವು. “ಎರಡನೇ ಸಲಕ್ಕನ ನನಗ ಗೊತ್ತಾಗಿತ್ತು. ಆದ್ರ ಮಾವಾರಿಗೆ ಹೆಂಗ ಕೇಳೂದು?”

“ಯಾವ ವೈರಿ ಸುರದಾನ ಇದನ್ನ?” ಎಂದು ದ್ಯಾಮಣ್ಣ ಹಾರಾಡಿದ. ವಾಚಮನ್‌ಗಳ ಹೆಸರು ಒಂದೊಂದಾಗಿ ಎಣಿಸತೊಡಗಿದ.

ಸುರಿದವನನ್ನು ನಾನು ನೋಡಿದ್ದೆ! ಸೋಮವಾರ ಸೋಮವಾರ ನನ್ನ ಪಕ್ಕದ ಡಬ್ಬವನ್ನು ಎತ್ತಿಕೊಂಡು ಹೋಗಿ, ‘ಅಳಿಯಾರು ಡಬ್ಬಿ ತುಂಬಿಸೇ ಇಲ್ಲ’ ಎಂದು ಗೊಣಗುತ್ತ, ಬ್ರೇಕಿನ ಆ ಸಣ್ಣ ಡಬ್ಬಿಗೆ ಕಂಠಮಟ್ಟ ಸುರಿಯುತ್ತಿದ್ದವನು ದ್ಯಾಮಣ್ಣನೇ. ಎಣ್ಣೆ ಅಂದರೆ ಎಲ್ಲ ಒಂದೇ ಎಂದುಕೊಂಡಿದ್ದ. ಹ್ಯಾಂಡ್ ಬ್ರೇಕನ್ನು ಸಂಶಯಿಸಿದೆ, ರಬ್ಬರನ್ನು ಸಂಶಯಿಸಿದೆ, ಬಾಯಿಲ್ಲದ ಆ ಕುಬೇರಪ್ಪನನ್ನು ಸಂಶಯಿಸಿದೆ. ನನ್ನನ್ನು ಮಣ್ಣಿನಿಂದ ಎತ್ತಿದ ಕೈಯನ್ನು ಮಾತ್ರ ಒಂದು ದಿನವೂ ಸಂಶಯಿಸಲಿಲ್ಲ. ಥೂ, ನನ್ನ ಕಸುಬಿಗಿಷ್ಟು!

“ಅಪ್ಪಾ, ಸೋಮವಾರ ನೀ ಏನ್ ಹಾಕ್ತಿದ್ದಿ?” ಗಂಗವ್ವ ಮೆಲ್ಲಗೆ ಕೇಳಿದಳು.

ದ್ಯಾಮಣ್ಣ ಸೀಟಿನ ಕೆಳಗೆ ಕೈ ಹಾಕಿ ಡಬ್ಬ ತೆಗೆದ. ತಂಬಿಗೆಯನ್ನು ನೋಡಿದ, ಡಬ್ಬವನ್ನು ನೋಡಿದ. ಕಟ್ಟೆಯ ಮೇಲೆ ಕೂತ. ಎಂಟು ಜನರನ್ನು ಕಮರಿಗೆ ಹಾಕಲು ಹೊರಟಿದ್ದು ತಾನೇ ಎಂಬುದು ಆಗ ಅವನಿಗೆ ತಿಳಿಯಿತು.

ಕುಬೇರಪ್ಪ ದನಿ ತಗ್ಗಿಸಿದ. “ಹೋಗ್ಲಿ ಬಿಡ್ರಿ ಮಾವಾರ. ಪೈಪ್ ಒಡದಿತ್ತು ಅಂತ ನಾನ ಹೇಳ್ತೀನಿ ಮಂದಿಗೆ.”

“ಬ್ಯಾಡ್ರಿ,” ಎಂದ ದ್ಯಾಮಣ್ಣ. ಎದ್ದು, ಡಬ್ಬ ಹಿಡಿದುಕೊಂಡೇ ಗ್ಯಾರೇಜಿನ ಮುಂದೆ, ಚಹಾದಂಗಡಿಯ ಎದುರಿಗೆ ಹೋದ. ಅಂದು ಕೂಗಿದ ಜಾಗದಲ್ಲೇ ನಿಂತು, ಅಷ್ಟೇ ಗಟ್ಟಿಯಾಗಿ, ಹಿಂದಿನ ಅಂಗಳದವರೆಗೂ ಕೇಳುವ ಹಾಗೆ, “ನಮ್ಮ ಅಳಿಯಾರದು ಏನೂ ತಪ್ಪಿಲ್ರಪಾ. ಹಾಳು ಮಾಡಿದಾಂವ ನಾನು,” ಎಂದ. ತಿರುಗಿ ಬಂದಾಗ ಕಣ್ಣಲ್ಲಿ ನೀರಿತ್ತು.

ಪೈಪು, ಸಿಲಿಂಡರು, ರಬ್ಬರು ಎಲ್ಲ ಬದಲಾಯಿಸಿ, ಒಳಗೆ ಸೇರಿದ ಗಾಳಿ ತೆಗೆಯಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಗಂಗವ್ವ ಹಸಿರು ಸೀರೆ ಉಟ್ಟು ಅದೇ ಜೀಪು ಹತ್ತಿದಳು.

ಈಗ ಆ ಜೀಪು ಇಲ್ಲ, ಗುಜರಿಗೆ ಹೋಗಿ ಬಹಳ ವರ್ಷವಾಯಿತು. ನಾನು ಕುಬೇರಪ್ಪನ ಗ್ಯಾರೇಜಿನ ಮೂಲೆಯಲ್ಲಿ, ಗೆದ್ದಲು ಯಾವಾಗ ಬರುತ್ತದೋ ಎಂದು ಗೋಡೆಯನ್ನೇ ಸಂಶಯದಿಂದ ನೋಡುತ್ತ ಬಿದ್ದಿದ್ದೇನೆ. ದ್ಯಾಮಣ್ಣನಿಗೂ ವಯಸ್ಸಾಗಿದೆ. ದಿನಾ ಮಧ್ಯಾಹ್ನ ಬಂದು ನನ್ನ ಮೇಲೆ ಕಾಲಿಟ್ಟುಕೊಂಡು ಕೂರುತ್ತಾನೆ. ಯಾರಾದರೂ ಹೊಸಬರು ಬ್ರೇಕು ಮಾಡಿಸಲು ಬಂದರೆ, ಕೇಳದಿದ್ದರೂ ಶುರು ಮಾಡುತ್ತಾನೆ. “ನಾ ಒಮ್ಮಿ ಇವರಿಗೆ ಕಳ್ಳ ಅಂದಿದ್ದೆ ನೋಡ್ರಿ, ಈ ಬಾಯಿಂದ...”

“ಸಾಕು ಬಿಡ್ರಿ ಮಾವಾರ, ಎಷ್ಟ್ ಸಲ ಹೇಳ್ತೀರಿ,” ಎನ್ನುತ್ತಾನೆ ಕುಬೇರಪ್ಪ, ಗಾಡಿಯ ಕೆಳಗಿನಿಂದಲೇ.

ದ್ಯಾಮಣ್ಣ ನಿಲ್ಲಿಸುವುದಿಲ್ಲ. ಪೂರ್ತಿ ಹೇಳಿಯೇ ಮುಗಿಸುತ್ತಾನೆ.