ಎಡಗೆನ್ನೆಯ ಬಿಸಿಲು

ಬಿಷ್ಕೆಕ್‌ನಲ್ಲಿ ನನ್ನದು ಚರ್ಮದ ಕ್ಲಿನಿಕ್. ಚಾಕು ಹಿಡಿಯುವುದಿಲ್ಲ, ಹೊಲಿಗೆ ಹಾಕುವುದಿಲ್ಲ. ಬಿಸಿಲು ಬಿಟ್ಟುಹೋದ ಕಂದು ಗುರುತುಗಳನ್ನು ಲೇಸರಿನಿಂದ ಅಳಿಸುತ್ತೇನೆ. ಕಲೆ ತೆಗೆಯುವುದೂ ಒಂದು ಕಲೆ ಎಂದು ಬಂದವರಿಗೆಲ್ಲ ಹೇಳುವ ಚಟ ನನಗಿದೆ. ಬುರುಲ್ ದೊಡ್ಡಮ್ಮ ಮಾತ್ರ ನಗಲಿಲ್ಲ.

“ತಮಾಷೆ ಆಮೇಲೆ, ಮೀರಿಮ್. ಎಡಗೆನ್ನೆ ನೋಡು. ಹತ್ತು ದಿನದಲ್ಲಿ ಹೋಗುತ್ತಾ?”

ನೋಡುವುದೇನು, ಆ ಕೆನ್ನೆ ನನಗೆ ಬಾಯಿಪಾಠ. ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋದಾಗ ಕುದುರೆಮರಿ ಕಟ್ಟುವ ಹಗ್ಗವನ್ನು ಯಾವಾಗಲೂ ಹೊಳೆಯ ಉದ್ದಕ್ಕೇ ಹಾಸುತ್ತಿದ್ದರು. ಹಾಗಾಗಿ ದೊಡ್ಡಮ್ಮ ದಿನವೂ ಒಂದೇ ದಿಕ್ಕಿಗೆ ತಿರುಗಿ, ಒಂದು ಮೊಣಕಾಲೂರಿ ಹೆಣ್ಣುಕುದುರೆಯ ಹಾಲು ಕರೆಯುವಾಗ ಬೆಳಗಿನ ಬಿಸಿಲೆಲ್ಲ ಅವಳ ಎಡಗೆನ್ನೆಗೆ. ಬಲಗಡೆಯ ನೆರಳೆಲ್ಲ ನನಗೆ. ಆರು ವರ್ಷದ ನಾನು ಅಲ್ಲಿ ಕೂತು, ಬಕೆಟ್ಟಿಗೆ ಹಾಲು ಬೀಳುವ ಸದ್ದಿಗೆ ತೂಕಡಿಸುತ್ತಿದ್ದೆ.

“ಈಗ್ಯಾಕೆ ದೊಡ್ಡಮ್ಮ?”

“ಕ್ಲಾಸಿನವರು ಸೇರ್ತಿದ್ದೀವಿ. ದಾರಿಕಾ ಬರ್ತಾಳೆ.”

ದಾರಿಕಾ ಯಾರೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಶಾಲೆ ಮುಗಿದ ವರ್ಷ ಹೆಡ್‌ಮಾಸ್ತರರು ಇಡೀ ತರಗತಿಯನ್ನು ಹಾಲು ಕರೆಯಲು ಸರ್ಕಾರಿ ಕುದುರೆ ಫಾರ್ಮಿಗೆ ಕಳಿಸಿದ್ದರು. ಆಗ ಹಾಗೊಂದು ಪದ್ಧತಿಯಿತ್ತು. ಎರಡನೆಯ ದಿನವೇ ದೊಡ್ಡಮ್ಮನ ಜೀವದ ಗೆಳತಿ ದಾರಿಕಾ ಹಾಲಿನ ಲಾರಿ ಹತ್ತಿಬಿಟ್ಟಳು. ಹೊರಟ ಲಾರಿಯಿಂದಲೇ ಕೂಗಿದ್ದಳಂತೆ: “ಎರಡು ಬೇಸಿಗೆ ಕಳೀಲಿ, ನಿಮ್ಮ ಮುಖ ಕುದುರೆ ಜೀನಿನ ತೊಗಲಾಗುತ್ತೆ ಕಣ್ರೇ.” ಅವಳು ಹಲ್ಲಿನ ಡಾಕ್ಟರಾದಳು. ದೊಡ್ಡಮ್ಮ ಅಲ್ಲೇ ಉಳಿದಳು. ನಲವತ್ತು ವರ್ಷದಲ್ಲಿ ಇಬ್ಬರೂ ಮತ್ತೆ ಮುಖ ನೋಡಿರಲಿಲ್ಲ.

“ಅವಳು ಹೇಳಿದ್ದೇ ನಿಜ ಆಯ್ತು ಅಂತ ಅವಳಿಗೆ ಕಾಣಬಾರದು. ಅಷ್ಟೇ,” ಎಂದಳು ದೊಡ್ಡಮ್ಮ.

“ಆಮೇಲೆ ಒಂದು ತಿಂಗಳು ಬಿಸಿಲು ತಾಗಬಾರದು. ಕೂಟ ಎಲ್ಲಿ?”

“ನಾರಿನ್ ಪೇಟೆ. ಕೆಫೆ. ದಪ್ಪ ಪರದೆ ಇದೆ.”

ಮೂರು ಸಲ ಕೇಳಿದೆ. ಮೂರು ಸಲವೂ ಪರದೆ ಇನ್ನಷ್ಟು ದಪ್ಪವಾಯಿತು. ನಾನು ಲೇಸರ್ ಹಚ್ಚಿದೆ. ಕಲೆಗಳು ಮೊದಲು ಟೀ ಚರಟದಂತೆ ಕಪ್ಪಾದವು. ಒಂಬತ್ತನೆಯ ದಿನಕ್ಕೆ ಉದುರಿ, ಕೆಳಗಿನ ಎಳೆ ಗುಲಾಬಿ ಚರ್ಮ ಕಂಡಿತು. ದೊಡ್ಡಮ್ಮ ಕನ್ನಡಿ ಕೆಳಗಿಡಲೇ ಇಲ್ಲ.

ಮಾರನೆಯ ದಿನ ನಸುಕಿಗೇ ಕಾರು ಹೊರಟಿತು. ನಾರಿನ್ ಬಂತು. ಕೆಫೆ ಬಂತು. ಕೆಫೆ ಹಿಂದೆ ಹೋಯಿತು.

“ನಿಲ್ಲಿಸಬೇಡ, ಮುಂದೆ ಹೋಗು,” ಎಂದಳು ದೊಡ್ಡಮ್ಮ, ಕಿಟಕಿಯಾಚೆ ನೋಡುತ್ತ. “ಕೂಟ ಮೇಲೆ, ಹುಲ್ಲುಗಾವಲಲ್ಲಿ. ನಮ್ಮ ಹಳೇ ಜಾಗದಲ್ಲೇ.”

“ದೊಡ್ಡಮ್ಮ! ಆ ಎತ್ತರದ ಬಿಸಿಲು ಈ ಚರ್ಮಕ್ಕೆ ತಾಗಿದರೆ ಮೊದಲಿಗಿಂತ ಕಪ್ಪಾಗುತ್ತೆ.”

“ಅದಕ್ಕೇ ಹೇಳಲಿಲ್ಲ. ಹೇಳಿದ್ದರೆ ಮಾಡ್ತಿದ್ಯಾ?”

ನಾನು ಡಾಕ್ಟರ್ ದನಿ ತೆಗೆದೆ. ಸೂರ್ಯ ಮುಳುಗುವವರೆಗೆ ಅಲ್ಲಿನ ಗುಡಾರ ಬಿಟ್ಟು ಹೊರಗೆ ಕಾಲಿಡುವಂತಿಲ್ಲ ಎಂದೆ. ಪಾಪ, ಮುಖ ತೋರಿಸಲು ಬಂದವಳು ಮುಖ ಮುಚ್ಚಿಕೊಂಡು, ಕಾರು ನಿಂತ ಕೂಡಲೇ ನನ್ನ ಕೊಡೆಯ ಕೆಳಗೆ ಓಡಿ ಉಣ್ಣೆಯ ಗುಡಾರದ ಒಳಗೆ ಹೊಕ್ಕಳು.

ಒಳಗೆ ಇನ್ನೊಬ್ಬಳು ಕೂತಿದ್ದಳು. ಅಗಲವಾದ ಟೋಪಿ, ಮೂಗಿನವರೆಗೆ ವಸ್ತ್ರ. ವಸ್ತ್ರ ಜಾರಿದಾಗ ನನಗೆ ಒಂದೇ ನೋಟಕ್ಕೆ ತಿಳಿಯಿತು: ಆಸಿಡ್ ಹಚ್ಚಿ ಮೇಲ್ಪದರ ಕೀಳಿಸಿಕೊಂಡು ನಾಲ್ಕು ದಿನವೂ ಆಗಿಲ್ಲ. ಗಲ್ಲದಲ್ಲಿ ಸಿಪ್ಪೆ ಏಳುತ್ತಿತ್ತು.

“ನಿನಗೂ ಬಿಸಿಲು ಬೇಡ ಅಂದ್ರಾ?” ಎಂದಳು ದಾರಿಕಾ.

“ನಿನಗ್ಯಾಕೇ ಬೇಕಿತ್ತು ಇದು?”

“ನಲವತ್ತು ವರ್ಷ ದೀಪದ ಕೆಳಗೆ ಬೇರೆಯವರ ಬಾಯಿ ನೋಡಿ ನೋಡಿ ನನ್ನ ಮುಖ ಹಳಸಿದ ಹಿಟ್ಟಾಗಿದೆ. ನೀವೆಲ್ಲ ಗಾಳಿ ಕುಡಿದು ಸೇಬಿನ ಹಾಗಿರ್ತೀರಿ ಅಂದ್ಕೊಂಡೆ.”

ದೊಡ್ಡಮ್ಮ ಗುಡಾರದ ಅಂಚಿನತ್ತ ಬಗ್ಗಿ ನೋಡಿದಳು. ಸೆಖೆಗೆಂದು ಗುಡಾರದ ಉಣ್ಣೆಯನ್ನು ಕೆಳಗಡೆ ಒಂದು ಮೊಳ ಸುತ್ತಿ ಎತ್ತಿದ್ದರು. ಹೊರಗೆ ಬಿಸಿಲಿನಲ್ಲಿ ಹಗ್ಗಜಗ್ಗಾಟ ಆಡುತ್ತಿದ್ದ ಸಹಪಾಠಿಗಳ ಕಾಲುಗಳಷ್ಟೇ ಒಳಗಿನವರಿಗೆ ಕಾಣುತ್ತಿದ್ದವು.

“ಆ ಸೊಟ್ಟಗಾಲು ಟೆಮಿರ್‌ದು,” ಎಂದಳು ದೊಡ್ಡಮ್ಮ.

“ಕಾಲು ಅದೇ, ಬೂಟು ಮಾತ್ರ ಹೊಸದು.”

“ಅದರ ಹಿಂದೆ ನಿಂತಿರೋ ಕಾಲು ಯಾರದು ಗೊತ್ತಾ? ಆಗಲೂ ಅವಳು ಹೀಗೇ ಅವನ ಹಿಂದೇನೇ ಇರ್ತಿದ್ಲು.”

ನಾನು ಅವರ ಹೆಡ್‌ಮಾಸ್ತರರ ಹಾಗೆ ಮೂಗಿನಲ್ಲಿ ದನಿ ತೆಗೆದೆ. ಮುಂದೆ ನನಗೂ ಕಲಿಸಿದ್ದು ಅದೇ ಹೆಡ್‌ಮಾಸ್ತರರಲ್ಲವೇ. “ಮಕ್ಕಳೇ, ನಿಮ್ಮ ಹಾಲಿಗಾಗಿ ದೇಶ ಕಾಯುತ್ತಿದೆ.”

“ನಗಿಸಬೇಡ ಕಣೇ, ಉರಿಯುತ್ತೆ,” ಎಂದು ಇಬ್ಬರೂ ಕೆನ್ನೆ ಹಿಡಿದುಕೊಂಡರು.

ಕುಮಿಸ್, ಅಂದರೆ ಹುಳಿ ಬರಿಸಿದ ಕುದುರೆಹಾಲಿನ ಬಟ್ಟಲು ಎರಡು ಸುತ್ತು ಮುಗಿಯಿತು. ದಾರಿಕಾ ಬಟ್ಟಲಿನ ತಳ ನೋಡುತ್ತ ಕೇಳಿದಳು: “ನಾನು ಹೋದ ಮೇಲೆ ನನ್ನ ಪಾಲಿನ ಕುದುರೆಗಳ ಹಾಲು ಯಾರು ಕರೆದರು?”

“ಇನ್ಯಾರು. ನನ್ನವು ಹನ್ನೆರಡು, ನಿನ್ನವು ಹನ್ನೆರಡು.”

ಹೊರಗೆ ಯಾರದೋ ತಂಡ ಗೆದ್ದು ಕೇಕೆ ಹಾಕಿತು.

“ಹಾಗಾದ್ರೆ ನಿನ್ನ ಕೆನ್ನೆ ಕಲೆಯಲ್ಲಿ ಅರ್ಧ ನನ್ನದು,” ಎಂದಳು ದಾರಿಕಾ.

“ಹೌದು ಮತ್ತೆ. ತೆಗೆಸೋ ಮುಂಚೆ ನಿನ್ನ ಕೇಳಬೇಕಿತ್ತು.”

ದಾರಿಕಾ ಕೈ ಚಾಚಿ ಆ ಗುಲಾಬಿ ಚರ್ಮವನ್ನು ಮುಟ್ಟಲು ಹೋದಳು. ಮುಟ್ಟಬೇಡಿ ಎನ್ನಬೇಕಿತ್ತು ನಾನು. ಅನ್ನಲಿಲ್ಲ.

ಸೂರ್ಯ ಬೆಟ್ಟದ ಬೆನ್ನಿಗೆ ಇಳಿದ ಮೇಲೆ ಇಬ್ಬರನ್ನೂ ಹೊರಗೆ ಬಿಟ್ಟೆ. ಹಗ್ಗ ಈಗಲೂ ಹೊಳೆಯ ಉದ್ದಕ್ಕೇ ಇತ್ತು. ದಿನದ ಕೊನೆಯ ಹಾಲು ಕರೆಯುತ್ತಿದ್ದ ಹೆಂಗಸಿನ ಕೈಯಿಂದ ದೊಡ್ಡಮ್ಮ ಬಕೆಟ್ ತೆಗೆದುಕೊಂಡು ಮೊಣಕಾಲೂರಿದಳು.

“ನೀನು ಇಲ್ಲಿ ಕೂರು,” ಎಂದು ದಾರಿಕಾಳನ್ನು ಬಲಗಡೆಗೆ ಕೂರಿಸಿಕೊಂಡಳು.

ಅದು ನನ್ನ ಜಾಗ. ಯಾರಿಗೂ ನೆರಳೇ ಬೇಕಿಲ್ಲದ ಹೊತ್ತು. ಆದರೂ ದಾರಿಕಾ ಅಲ್ಲೇ ಒರಗಿ ಕೂತಳು. ಬಕೆಟ್ಟಿಗೆ ಹಾಲಿನ ಮೊದಲ ಧಾರೆ ಬಿತ್ತು. ಮಡಚಿದ ಕೊಡೆ ಹಿಡಿದುಕೊಂಡು ನಾನು ಎಡಗಡೆ ನಿಂತೆ.